ನೀರಿನ ಮೋಟಾರ್ ಮತ್ತೆ ಸುಟ್ಟಿದೆ: ರೀವೈಂಡಿಂಗ್‌ಗೆ ಕೊಡುವ ಮೊದಲು ವೈರ್ ಬದಲಿಸೋಣ

ಮನೆ 14: ಎಲ್ಲರಿಗೂ ನಮಸ್ಕಾರ. ದಯವಿಟ್ಟು ಇದನ್ನು ಪೂರ್ತಿ ಓದಿ. ಮೋಟಾರ್ ಸುಡುವ ಮುಂಚೆ ನಾನು ವೋಲ್ಟೇಜ್ ನೋಡಿದ್ದೆ. ಮೋಟಾರ್ ಓಡುವಾಗ ಮೀಟರ್ ಬೋರ್ಡ್‌ನಲ್ಲಿ 230, ಮೋಟಾರ್ ಹತ್ತಿರ 209. ಆಫ್ ಮಾಡಿದರೆ ಎರಡೂ ಕಡೆ 230. ಅಂದರೆ ಆ 21 ವೋಲ್ಟ್ ದಾರಿಯಲ್ಲೇ, ವೈರ್‌ನಲ್ಲೇ ಕಳೆದುಹೋಗುತ್ತಿದೆ. ಹೊಸ ಮೋಟಾರ್ ತಂದರೂ ಇದೇ ಗತಿ.

ಮನೆ 3: ಸರ್, ಒಂದು ಸ್ಟೆಬಿಲೈಸರ್ ಹಾಕಿದರೆ ಸಾಕಲ್ವಾ?

ಮನೆ 14: ಬೇಡ ಸರ್. ಮೋಟಾರ್ ಹತ್ತಿರ ಇಟ್ಟರೆ ಅದು ವೋಲ್ಟೇಜ್ ಏರಿಸಲು ಅದೇ ಸಣ್ಣ ವೈರ್‌ನಿಂದ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತೆ, ವೈರ್ ಮತ್ತಷ್ಟು ಬಿಸಿಯಾಗುತ್ತೆ.

ಲೆಕ್ಕ ನೋಡಿ. ವೈರ್ ಉದ್ದವಾದಷ್ಟು ರೋಧ (ಕರೆಂಟ್‌ಗೆ ಅದು ಒಡ್ಡುವ ತಡೆ) ಹೆಚ್ಚು, ದಪ್ಪವಾದಷ್ಟು ಕಡಿಮೆ. ಬೋರ್ಡ್‌ನಿಂದ ಮೋಟಾರ್‌ಗೆ 150 ಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ 300 ಅಂತ ಹಿಡಿಯಬೇಕು. ಇದನ್ನೇ ಬಹಳ ಜನ ಮರೆಯುತ್ತಾರೆ. 1 ಚದರ ಮಿಮೀ ತಾಮ್ರಕ್ಕೆ ಮೀಟರ್‌ಗೆ ಸುಮಾರು 0.0172 ಓಮ್. ನಮ್ಮದು 2.5ರ ವೈರ್, ಅಂದರೆ 2.5 ಚದರ ಮಿಮೀ ತಾಮ್ರ, ಒಟ್ಟು 2 ಓಮ್ ಚಿಲ್ಲರೆ. 10 ಆಂಪ್ ಹರಿದರೆ 20 ವೋಲ್ಟ್ ಹೋಯ್ತು. ಶುರುವಾಗುವಾಗ ಮೋಟಾರ್ ಇದರ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಆಗ ವೋಲ್ಟೇಜ್ ಇನ್ನೂ ಕುಸಿಯುತ್ತೆ. ಗುಂಯ್ ಅಂತ ಸದ್ದು ಮಾಡಿ ತಿರುಗದೇ ನಿಲ್ಲುತ್ತಿದ್ದದ್ದು ಅದಕ್ಕೇ, ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಬಿಸಿಯಾಗುತ್ತಿದ್ದದ್ದೂ ಆಗಲೇ.

ಮನೆ 21: ದಪ್ಪ ವೈರ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ?

ಮನೆ 14: ಇಲ್ಲ ಮೇಡಂ, ಕಮ್ಮಿಯಾಗುತ್ತೆ. ಈಗ ವೈರ್ ಬಿಸಿಯಾಗುವುದಕ್ಕೇ ಸುಮಾರು 200 ವ್ಯಾಟ್ ಹೋಗುತ್ತಿದೆ, ಆ ದುಡ್ಡನ್ನೂ ನಾವೇ ಕಟ್ಟುತ್ತಿದ್ದೇವೆ. 6ರ ವೈರ್ ಆದರೆ 86 ವ್ಯಾಟ್, 10ರದ್ದಾದರೆ 52.

ಮನೆ 8: ಹಳೇ ವೈರ್ ಪಕ್ಕಕ್ಕೆ ಅಂಥದ್ದೇ ಇನ್ನೊಂದು ಎಳೆದು ಎರಡನ್ನೂ ಸೇರಿಸಿದರೆ? ಖರ್ಚು ಉಳಿಯುತ್ತೆ.

ಮನೆ 14: ಲೆಕ್ಕದಲ್ಲಿ ಸರಿ, ರೋಧ ಅರ್ಧಕ್ಕಿಳಿಯುತ್ತೆ. ಆದರೆ ಒಂದು ಎಲ್ಲಾದರೂ ತುಂಡಾದರೆ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತೆ, ಯಾರಿಗೂ ಗೊತ್ತೇ ಆಗಲ್ಲ. ಹಳೇ ವೈರ್‌ನ ಜಾಯಿಂಟ್‌ಗಳು ಕಪ್ಪಗಾಗಿರುವುದನ್ನು ನೀವೂ ನೋಡಿದ್ದೀರಿ. ನನ್ನ ಮಾತು ಕೇಳಿದರೆ 10ರದ್ದೇ ಹಾಕಿಸೋಣ. ವ್ಯಾಸ ಬರೀ ಎರಡು ಪಟ್ಟು, 1.8 ಮಿಮೀ ಇದ್ದದ್ದು 3.6. ಆದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತೆ.

ಮನೆ 3: ಅಲ್ಯೂಮಿನಿಯಂ?

ಮನೆ 14: ಆಗಬಹುದು, ಆದರೆ ತಾಮ್ರದ 10ಕ್ಕೆ ಸಮ ಬರಲು 16 ಬೇಕು. ತಾಮ್ರಕ್ಕೆ ಸೇರಿಸುವ ಕಡೆ ಸರಿಯಾದ ಲಗ್ (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕದಿದ್ದರೆ ಅಲ್ಲೇ ಸುಡುತ್ತೆ.

ಕಾರ್ಯದರ್ಶಿ: ಒಪ್ಪಿದೆ. ಮನೆ 8ರ ಸರ್, ನಾಳೆ ಬೆಳಿಗ್ಗೆ ಟೇಪ್ ತಗೊಂಡು ಬನ್ನಿ, ಗೋಡೆ ಹತ್ತಿ ಇಳಿಯುವ ಕಡೆಯೂ ಅಳೆಯೋಣ. 6ಕ್ಕೂ 10ಕ್ಕೂ ಬೇರೆ ಬೇರೆ ಕೊಟೇಶನ್ ತರಿಸುತ್ತೇನೆ. ಅಲ್ಲಿಯವರೆಗೆ ಮೋಟಾರ್ ರೀವೈಂಡಿಂಗ್‌ಗೆ ಕೊಡುವುದು ಬೇಡ.