ಪದಚರ್ಚೆ: ಬಕ್‌ವೀಟ್ ಅಂದರೆ ಹುರುಳಿಯೇ? ಗ್ಲುಟೆನ್ 'ಮುಕ್ತ'ವೋ 'ರಹಿತ'ವೋ? (ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ.

ದಸರಾ ಆಹಾರ ಮೇಳದಲ್ಲಿ ನನ್ನ ತಂಗಿ ಮಳಿಗೆ ಹಾಕುತ್ತಿದ್ದಾಳೆ. ಬಕ್‌ವೀಟ್ ಹಿಟ್ಟಿನ ಚಾಕೊಲೇಟ್ ಕೇಕ್. ಮೈದಾ ಇಲ್ಲವೇ ಇಲ್ಲ. ಆ ಹಿಟ್ಟು, ಕೋಕೋ, ಕರಗಿಸಿದ ಡಾರ್ಕ್ ಚಾಕೊಲೇಟ್, ಬೆಣ್ಣೆ, ಸಕ್ಕರೆ, ಮೊಟ್ಟೆ, ಅಷ್ಟೆ. ಬೋರ್ಡು ಬರೆಯುವವರು ನಾಳೆ ಸಂಜೆಯೊಳಗೆ ಒಕ್ಕಣೆ ಕೇಳಿದ್ದಾರೆ. ಫೋನಿನ ಅನುವಾದದಲ್ಲಿ ಬಕ್‌ವೀಟ್‌ಗೆ 'ಹುರುಳಿ' ಅಂತ ಬರುತ್ತಿದೆ. ಹಾಗೇ ಬರೆಸಬಹುದೇ? ಗ್ಲುಟೆನ್ ಅಂದರೆ ಗೋಧಿಯಲ್ಲಿರುವ ಪ್ರೋಟೀನು; 'ಗ್ಲುಟೆನ್ ಫ್ರೀ'ಗೆ ಮುಕ್ತ, ರಹಿತ, ಇಲ್ಲದ, ಇವುಗಳಲ್ಲಿ ಯಾವುದು ಸರಿ? ದಯವಿಟ್ಟು ಬೇಗ ತಿಳಿಸಿ.

(ಸರಸ್ವತಿಪುರಂ, ಮೈಸೂರು)

---

ಹುರುಳಿ ಬೇಡ. ಖಂಡಿತ ಬೇಡ.

ಹುರುಳಿ ನಮ್ಮ ಕಡೆ ಬಸ್ಸಾರಿನ ಕಾಳು, ಮೊಳಕೆ ಕಟ್ಟಿ ಸಾರು ಮಾಡುವ ಕಾಳು, ಎತ್ತಿಗೆ ಬೇಯಿಸಿ ಹಾಕುವ ಕಾಳು. ಬಕ್‌ವೀಟ್ ಕಾಳೂ ಅಲ್ಲ, ಗೋಧಿಯೂ ಅಲ್ಲ, ಹುಲ್ಲಿನ ಜಾತಿಯೇ ಅಲ್ಲ. ಚುಕ್ಕಿ ಸೊಪ್ಪಿನ ಕುಟುಂಬಕ್ಕೆ ಸೇರಿದ ಗಿಡದ ಮೂರು ಮೂಲೆಯ ಬೀಜ. 'ಹುರುಳಿ ಹಿಟ್ಟಿನ ಕೇಕ್' ಅಂತ ಬರೆದರೆ ಮಂಡ್ಯದಿಂದ ಬಂದವರು ಇನ್ನೂ ಬೇರೆ ಥರ ಓದುತ್ತಾರೆ. ಇಲ್ಲಿ ಹಿಟ್ಟು ಅಂದರೆ ಮುದ್ದೆ. 'ಹಿಟ್ಟು ಉಂಡ್ಯಾ?' ಅಂತ ಕೇಳುವ ಊರು ಇದು. ಯಂತ್ರ ಕೊಟ್ಟ ಪದವನ್ನು ತಿನ್ನುವ ಪದಾರ್ಥದ ಮೇಲೆ ಅಂಟಿಸಬೇಡಿ. ಬಕ್‌ವೀಟ್ ಅಂತಲೇ ಬರೆಸಿ.

(ಮಂಡ್ಯ)

---

ಬಕ್‌ವೀಟ್ ಯಾಕೆ? ನಮ್ಮದೇ ಪದ ಇದೆ: ಕುಟ್ಟು. ಉತ್ತರದವರೂ ಅದನ್ನೇ ಹೇಳುತ್ತಾರೆ. 'ಕುಟ್ಟು' ಅಚ್ಚಕನ್ನಡ ಧಾತು, ಕುಟ್ಟವಲಕ್ಕಿ ನೆನಪಿಸಿಕೊಳ್ಳಿ. ಕುಟ್ಟಿ ಮಾಡಿದ ಹಿಟ್ಟು, ಆದ್ದರಿಂದ ಕುಟ್ಟುಹಿಟ್ಟು. ಇಲ್ಲಿಂದ ಅಲ್ಲಿಗೆ ಹೋದ ಪದವೆಂದೇ ನನ್ನ ನಂಬಿಕೆ.

ಗ್ಲುಟೆನ್ ಕೂಡ ಹಾಗೆಯೇ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಅಂಟು. 'ಅಂಟಿಲ್ಲದ ಕೇಕು' ಎಂದರೆ ಮುಗಿಯಿತು. ಮುಕ್ತ, ರಹಿತ ಎರಡೂ ಸಂಸ್ಕೃತ. 'ಇಲ್ಲದ' ಎಂಬ ಸೊಗಸಾದ ರೂಪ ಕೈಯಲ್ಲಿರುವಾಗ ಸಾಲ ಏಕೆ? ಮತ್ತು ಕೇಕ್ ಅಲ್ಲ, ಕೇಕು. ಹೊಸಗನ್ನಡದ ಪದ ಸಾಮಾನ್ಯವಾಗಿ ವ್ಯಂಜನದಲ್ಲಿ ನಿಲ್ಲುವುದಿಲ್ಲ.

(ಕುವೆಂಪುನಗರ, ಮೈಸೂರು)

---

> ಇಲ್ಲಿಂದ ಅಲ್ಲಿಗೆ ಹೋದ ಪದವೆಂದೇ ನನ್ನ ನಂಬಿಕೆ.

ನಂಬಿಕೆ ನಿರುಕ್ತವಲ್ಲ. ಸದ್ದು ಹೊಂದಿದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ. ಅದು ಹಿಮಾಲಯದ ತಪ್ಪಲಿನ ಬೆಳೆ. ಹಿಮಾಚಲದಲ್ಲಿ ಓಗ್ಲಾ, ನೇಪಾಳದಲ್ಲಿ ಫಾಪರ್, ಹಿಂದಿಯಲ್ಲಿ ಕುಟ್ಟು. ಬೆಳೆಯೇ ಇಲ್ಲದ ನಾಡಿನಿಂದ ಅದರ ಹೆಸರು ಬೆಟ್ಟ ಹತ್ತಿ ಹೋಯಿತೇ? ಇಂಗ್ಲಿಷಿನ 'ಬಕ್' ಕೂಡ ಗಂಡುಜಿಂಕೆಯಲ್ಲ. ಡಚ್ಚರ 'ಬೂಕ್‌ವೈಟ್'ನಿಂದ ಬಂದದ್ದು. ಬೀಚ್ ಮರದ ಮೂರು ಮೂಲೆಯ ಕಾಯಿಯಂತಿರುವ ಗೋಧಿ ಅಂತ ಅರ್ಥ. ಆ ಮರವೇ ನಮ್ಮಲ್ಲಿಲ್ಲ, ಅನುವಾದಿಸಿ ಏನು ಸಿಕ್ಕೀತು?

ಇನ್ನು ಅಂಟು. ಅಂಟಿನುಂಡೆ ತಿಂದವರಿಗೆ ಅಂಟು ಅಂದರೆ ಮರದ ಗೋಂದು. 'ಅಂಟಿಲ್ಲದ ಕೇಕು' ಓದಿದವರು ಕಾಗದಕ್ಕೆ ಅಂಟುವುದಿಲ್ಲ ಅಂದುಕೊಳ್ಳುತ್ತಾರೆ. ಬೋರ್ಡು ಓದಬೇಕಾದವರು ಕಾಯಿಲೆ ಇರುವವರು. ವೈದ್ಯರು ಅವರಿಗೆ ಹೇಳಿರುವುದು 'ಗ್ಲುಟೆನ್' ಅಂತಲೇ.

ನಿಮ್ಮ ಶುದ್ಧಿಯಲ್ಲಿ ಆ ಕೇಕಿನ ಸಾಮಾನು ಪಟ್ಟಿ ನೋಡಿ. ಬೆಣ್ಣೆ ನಮ್ಮದು, ಬೆಳ್ ಮತ್ತು ನೆಯ್ ಸೇರಿದ್ದು. ಮೊಟ್ಟೆ ನಮ್ಮದು. ಸಕ್ಕರೆ ಶರ್ಕರಾದಿಂದ. ಕೇಕಿಗೆ ಹಾಕದ ಗೋಧಿಯೂ ಗೋಧೂಮದಿಂದ. ಮೈದಾ ಪಾರಸಿಯಿಂದ. ಚಾಕೊಲೇಟು ಮೆಕ್ಸಿಕೋದ ನಹುವಾಟ್ಲ್ ನುಡಿಯಿಂದ ಸ್ಪೇನಿನವರ ಬಾಯಿ ಹಾಯ್ದು ಬಂದದ್ದು. ಇವನ್ನೆಲ್ಲ ತೆಗೆದರೆ ತಟ್ಟೆಯಲ್ಲಿ ಏನು ಉಳಿಯುತ್ತದೆ?

(ಮಂಡ್ಯ)

---

ಸಕ್ಕರೆಯ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಶರ್ಕರಾವನ್ನು ನಾವು ಹಾಗೇ ನುಂಗಲಿಲ್ಲ, ಸಕ್ಕರೆ ಮಾಡಿಕೊಂಡೆವು. ಗೋಧೂಮ ಗೋಧಿಯಾಯಿತು. ಬಸ್ಸು, ಕಾರು, ಬ್ರೆಡ್ಡು ಕೂಡ ನಮ್ಮ ಬಾಯಿಗೆ ಒಗ್ಗಿ ಬಂದವು. ಈಗಿನ ಸಾಲದಲ್ಲಿ ಒಗ್ಗಿಸಿಕೊಳ್ಳುವ ಕೆಲಸವೇ ನಿಂತಿದೆ. ನನ್ನ ತಕರಾರು ಅದು. ಪದ ತರುವುದರ ಬಗ್ಗೆಯಲ್ಲ, ತಂದು ಹಾಗೇ ಬಿಡುವುದರ ಬಗ್ಗೆ. ಬಕ್‌ವೀಟು ಅಂತಲಾದರೂ ಬರೆಯಿರಿ.

(ಕುವೆಂಪುನಗರ)

---

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆಹಾರ ಪರೀಕ್ಷೆಯ ಕೆಲಸದಲ್ಲಿದ್ದು ನಿವೃತ್ತಳಾದವಳು. ಪ್ರಶ್ನೆ ಕೇಳಿದವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಮೈದಾ ಜರಡಿ ಹಿಡಿಯುವ ಜರಡಿ, ಟ್ರೇ, ಓವನ್ ಇವೇ ಈ ಕೇಕಿಗೂ ಬಳಕೆಯಾಗುತ್ತವೆಯೇ?

ಒಬ್ಬಟ್ಟಿನ ಕಣಕ ಹರಿಯದೆ ಎಳೆದಷ್ಟೂ ಬರುತ್ತದಲ್ಲ, ಅದು ಗ್ಲುಟೆನ್ನಿನ ಕೆಲಸ. ಗೋಧಿಯ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ತಗುಲಿ, ನಾದಿದಾಗ ಬಲೆ ಕಟ್ಟುತ್ತವೆ. ಬಕ್‌ವೀಟ್‌ನಲ್ಲಿ ಅದಿಲ್ಲ. ಅದಕ್ಕೇ ಈ ಕೇಕಿಗೆ ಮೊಟ್ಟೆಯೇ ಆಸರೆ, ಬಿಸಿಯಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ. ಆದರೆ ಸೀಲಿಯಾಕ್ ಎಂಬ, ಗ್ಲುಟೆನ್ ಆಗದ ಕಾಯಿಲೆಯವರಿಗೆ ಜರಡಿಯಲ್ಲಿ ಉಳಿದ ಮೈದಾ ಕೂಡ ಸಣ್ಣ ಕರುಳಿಗೆ ಪೆಟ್ಟು ಕೊಡಬಲ್ಲದು. ಗ್ಲುಟೆನ್ ಫ್ರೀ ಎಂದು ಹೇಳಿಕೊಳ್ಳಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಿತಿ ಇದೆ: ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಹಾಗಾಗಿ ಮುಕ್ತ, ರಹಿತ, ಇಲ್ಲದ, ಯಾವುದನ್ನೇ ಬರೆದರೂ ತಿನ್ನುವವರಿಗೆ ಭಾಷೆ ಕೊಟ್ಟ ಹಾಗೆ. 'ಹಾಕಿಲ್ಲ' ಎನ್ನುವುದು ಬೇರೆ. ನೀವು ಏನು ಮಾಡಿದಿರಿ ಎಂಬುದನ್ನಷ್ಟೇ ಅದು ಹೇಳುತ್ತದೆ. 'ಗೋಧಿ ರಹಿತ'ವೂ ಸಾಲದು; ಜವೆಗೋಧಿ (ಬಾರ್ಲಿ) ಮತ್ತು ರೈ ಎಂಬ ಧಾನ್ಯದಲ್ಲೂ ಇಂಥದೇ ಪ್ರೋಟೀನು ಇದೆ.

ಇನ್ನೊಂದು ಮಾತು. ಉತ್ತರ ಭಾರತದಲ್ಲಿ ಕುಟ್ಟು ನವರಾತ್ರಿ ಉಪವಾಸದ ಹಿಟ್ಟು. ದಸರಾಕ್ಕೆ ಆ ಕಡೆಯವರು ಎಷ್ಟೋ ಜನ ಬರುತ್ತಾರೆ, ಅವರಲ್ಲಿ ವ್ರತದಲ್ಲಿರುವವರೂ ಇರುತ್ತಾರೆ. ಬರೀ 'ಕುಟ್ಟು ಕೇಕು' ಅಂತ ಹಾಕಿದರೆ ಅವರು ವ್ರತಕ್ಕೆ ಆಗುತ್ತದೆಂದು ಕೊಂಡಾರು. ಮೊಟ್ಟೆ ಇದೆ ಎಂದು ದೊಡ್ಡದಾಗಿ ಬರೆಸಿ.

(ಯಾದವಗಿರಿ, ಮೈಸೂರು)

---

ಮೇಡಂ, ಬಹಳ ಉಪಕಾರವಾಯಿತು. ಜರಡಿ ಬೇರೆ, ಓವನ್ ಒಂದೇ. ಅದೇ ಓವನ್‌ನಲ್ಲಿ ಗೋಧಿ ಬ್ರೆಡ್ಡೂ ಆಗುತ್ತದೆ. ತಂಗಿಯ ಜೊತೆ ಕೂತು ಹೀಗೆ ಬರೆದಿದ್ದೇವೆ:

ಬಕ್‌ವೀಟ್ (ಕುಟ್ಟು) ಚಾಕೊಲೇಟ್ ಕೇಕು
ಮೈದಾ, ಗೋಧಿ ಹಾಕಿಲ್ಲ. ಮೊಟ್ಟೆ ಹಾಕಿದೆ.
ಗೋಧಿ ಬಳಸುವ ಅಡುಗೆಮನೆಯಲ್ಲೇ ಮಾಡಿದ್ದು. ಗ್ಲುಟೆನ್ ಆಗದವರು ದಯವಿಟ್ಟು ನಮ್ಮನ್ನು ಕೇಳಿ ಕೊಳ್ಳಿ.

ಕೊನೆಯ ಸಾಲಿನಲ್ಲಿ 'ಕೇಳಿ ಕೊಳ್ಳಿ' ಬಿಡಿಸಿ ಬರೆದದ್ದು ಸರಿಯೇ? ಕೂಡಿಸಿದರೆ ಬೇಡಿಕೊಳ್ಳಿ ಅಂತಾಗುತ್ತದೆಂದು ತಂಗಿ ಹೇಳುತ್ತಾಳೆ.

(ಸರಸ್ವತಿಪುರಂ)

---

ತಂಗಿ ಹೇಳಿದ್ದು ಸರಿ. 'ಕೇಳಿ, ಆಮೇಲೆ ಕೊಳ್ಳಿ' ಅಂತ ಬರೆಸಿ, ಗೊಂದಲವಿರುವುದಿಲ್ಲ.

(ಮಂಡ್ಯ)

---

'ಹಾಕಿಲ್ಲ', 'ಹಾಕಿದೆ' ಎರಡೂ ಚೆನ್ನಾಗಿವೆ. ಕುಟ್ಟು ಕಂಸದೊಳಗೆ, ಬಕ್‌ವೀಟ್ ಹೊರಗೆ ಎಂಬುದನ್ನು ನಾನು ಒಪ್ಪಿಲ್ಲ.

(ಕುವೆಂಪುನಗರ)

---

ಕುಟ್ಟು ಧಾತುವಿನ ವಾದವಿದ್ದರೆ ಬೇರೆ ಎಳೆ ತೆರೆಯಿರಿ. ಆಧಾರದ ಸಮೇತ.

(ಮಂಡ್ಯ)