ಸಹಾಯ ಬೇಕು: ಮೊದಲ ಮಗು, ಏನೇನು ತಗೊಂಡಿಟ್ಕೋಬೇಕು?

ನಂಗೀಗ 8 ತಿಂಗಳು, ಜುಲೈ ಕೊನೇಲಿ ಡೇಟ್ ಕೊಟ್ಟಿದಾರೆ, ಬಾಣಂತನ ತೀರ್ಥಹಳ್ಳಿ ಹತ್ರ ಅಮ್ಮನ ಮನೇಲಿ. ಅಮ್ಮ, ಮಗು ಹುಟ್ಟೋಕ್ ಮುಂಚೆ ಏನೂ ತರಬಾರ್ದು, ಹಳೇ ಕಾಟನ್ ಸೀರೆ, ಅಪ್ಪನ ಪಂಚೆ ಹರಿದು ಒಗೆದಿಟ್ಟಿದೀನಿ ಸಾಕು ಅಂತಾರೆ, ನಮ್ಮನೆಯವ್ರು ನೋಡಿದ್ರೆ ಸ್ಟ್ರಾಲರ್, ಸ್ಟೆರಿಲೈಸರ್ ಅಂತ 18 ಸಾವಿರದ ಕಾರ್ಟ್ ಮಾಡಿಟ್ಟಿದಾರೆ 😅 ಆ ಕೆಸರಲ್ಲಿ ಸ್ಟ್ರಾಲರ್ ಎಲ್ಲಿ ತಳ್ಳೋದು ಹೇಳಿ! ತೊಟ್ಟಿಲು ಅಕ್ಕಂದು ಇದೆ, ಕುಲಾವಿ, ಸೊಳ್ಳೆಪರದೆ ಆಯ್ತು.

ನಂಗೆ ಚಿಂತೆ ಮಳೆದೇ, ಅಲ್ಲಿ ಬಟ್ಟೆ 2 ದಿನ ಆದ್ರೂ ಒಣಗಲ್ಲ, ಒಲೆ ಮೇಲೆ ಒಣಗಿಸಿದ್ರೆ ಹೊಗೆ ವಾಸನೆ. ಲಂಗೋಟಿ 30 ಸಾಕಾ? ರಾತ್ರಿಗೆ ಮಾತ್ರ ಡೈಪರ್ ಅಂದ್ರೆ ನ್ಯೂಬಾರ್ನ್ ಸೈಜ್ ಒಂದೇ ಪ್ಯಾಕ್ ತಗೊಳ್ಲಾ, ಬೇಗ ಚಿಕ್ಕದಾಗುತ್ತಂತೆ? ಮಲೆನಾಡಲ್ಲಿ ಮಳೆಗಾಲದ ಬಾಣಂತನ ಆದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್