ಕ್ಯಾರಗಾನಾ ಬೇಲಿಯ ಕಾಯಿ, ಕಾಳುಗಳನ್ನು ಅಡುಗೆಗೆ ಬಳಸಬಹುದೇ?

ಪ್ರಶ್ನೆ (ಸಾಸ್ಕಾಟೂನ್, ಕೆನಡಾ)

ನಮಸ್ಕಾರ. ನಾವು ಹೊಸದಾಗಿ ಕೊಂಡ ಮನೆಯ ಹಿತ್ತಲಿನಲ್ಲಿ ಕ್ಯಾರಗಾನಾ ಗಿಡಗಳ ಹಳೆಯ ಬೇಲಿಯೊಂದಿದ್ದು, ಹಳದಿ ಹೂಗಳು ಉದುರಿ ಈಗ ಕಾಯಿ ಕಟ್ಟಿದೆ. ಸೈಬೀರಿಯಾ ಮೂಲದ ಈ ಗಿಡ ತೊಗರಿ, ಬಟಾಣಿಗಳ ಕುಟುಂಬಕ್ಕೇ ಸೇರಿದ್ದೆಂದು ತಿಳಿಯಿತು. ಎಳೆಗಾಯಿಯಿಂದ ಪಲ್ಯವನ್ನೂ ಒಣಕಾಳಿನಿಂದ ಹುಳಿಯನ್ನೂ ಮಾಡಬಹುದೇ? ಬೀಜದಿಂದ ಇನ್ನಷ್ಟು ಗಿಡ ಎಬ್ಬಿಸುವ ಕ್ರಮವನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕ್ಯಾಲ್ಗರಿ)

ಮೊದಲು ಗಿಡದ ಗುರುತು ಖಚಿತವಾಗಲಿ. ಇದೇ ಕುಟುಂಬದ ಲ್ಯಾಬರ್ನಮ್ ಕೂಡ ಹಳದಿ ಹೂ ಬಿಡುತ್ತದೆ, ಆದರೆ ಅದರ ಬೀಜ ವಿಷ. ಅದರ ಎಲೆಯಲ್ಲಿ ಮೂರೇ ದಳಗಳಿದ್ದು, ಹೂಗಳು ನಮ್ಮ ಕಕ್ಕೆಯಂತೆ ಉದ್ದ ಗೊಂಚಲಾಗಿ ಇಳಿಬೀಳುತ್ತವೆ. ಕ್ಯಾರಗಾನಾದಲ್ಲಾದರೋ ಕಿರುಎಲೆಗಳು ಜೋಡಿಜೋಡಿಯಾಗಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡರಷ್ಟಿರುತ್ತವೆ. ನಿಮ್ಮೂರಿನ ಚಳಿಗೆ ಲ್ಯಾಬರ್ನಮ್ ಉಳಿಯುವುದು ಕಷ್ಟ, ಆದರೆ ವ್ಯಾಂಕೂವರ್ ಕಡೆಯವರು ಇದನ್ನು ಗಮನಿಸಲೇಬೇಕು.

ಎಳೆಗಾಯಿಯನ್ನು ಬೇಯಿಸಿ ಪಲ್ಯ ಮಾಡಬಹುದು. ಒಣಕಾಳು ಸಣ್ಣದು, ತುಸು ಕಹಿ. ರಾತ್ರಿಯಿಡೀ ನೆನೆಸಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ, ಆ ನೀರನ್ನೂ ಬಸಿದು ಚೆಲ್ಲಿ, ಮೊದಲ ಸಲ ಒಂದೆರಡು ಚಮಚದಷ್ಟೇ ತಿಂದು ನೋಡಿ. ಹಸಿಯಾಗಿ ತಿನ್ನುವುದು ಬೇಡ. ಪ್ರೋಟೀನ್ ಇದೆಯೆಂದ ಮಾತ್ರಕ್ಕೆ ಅದು ತೊಗರಿಬೇಳೆಯ ಜಾಗಕ್ಕೆ ಬರಲಾರದು; ಕೋಳಿ ಸಾಕಿದವರು ಕಾಳನ್ನು ಅವಕ್ಕೆ ಹಾಕುವುದೇ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ.

ಉತ್ತರ 2 (ರಿಜೈನಾ)

ಈ ಬಯಲು ಸೀಮೆಯಲ್ಲಿ ಕ್ಯಾರಗಾನಾವನ್ನು ರೈತರು ನೆಟ್ಟದ್ದು ಊಟಕ್ಕಲ್ಲ, ಗಾಳಿತಡೆಗೆ. ನಮ್ಮ ಪೂರ್ವಕ್ಕಿರುವ ಇಂಡಿಯನ್ ಹೆಡ್‌ನ ಸರ್ಕಾರಿ ಸಸ್ಯಪಾಲನಾ ಕೇಂದ್ರವು 20ನೇ ಶತಮಾನದ ಆರಂಭದಿಂದ ಇಂಥ ಸಸಿಗಳನ್ನು ರೈತರಿಗೆ ಹಂಚುತ್ತಿತ್ತು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ, ಒಣಹವೆ, ಸೌಳು ಮಣ್ಣು ಎಲ್ಲವನ್ನೂ ಗಿಡ ತಾಳುತ್ತದೆ. ನೀರು ನಿಲ್ಲುವ ಜಾಗವನ್ನು ಮಾತ್ರ ಸಹಿಸದು. ಬೇರುಗಂಟುಗಳಲ್ಲಿ ಸಾರಜನಕ ಕೂಡುವುದರಿಂದ ಯೂರಿಯಾ ಕೊಡಬೇಕಿಲ್ಲ.

ಕಾಯಿ ಕಂದುಬಣ್ಣಕ್ಕೆ ತಿರುಗಿದೊಡನೆ ಕೊಯ್ದು, ಬಟ್ಟೆ ಮುಚ್ಚಿ ಒಣಗಿಸಿ. ಇಲ್ಲವಾದರೆ ಸಿಪ್ಪೆ ಸುರುಳಿ ಸುತ್ತಿಕೊಂಡು ಸಿಡಿದು ಕಾಳೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ ವಸಂತದಲ್ಲಿ ಬಿತ್ತಬಹುದು. ಹಳೆಯ ಬೇಲಿಯ ಬುಡ ಬೋಳಾಗಿದ್ದರೆ, ಎಲೆ ಒಡೆಯುವ ಮುನ್ನ ನೆಲಮಟ್ಟಕ್ಕೆ ಕಡಿದರೆ ಮತ್ತೆ ದಟ್ಟವಾಗಿ ಚಿಗುರುತ್ತದೆ.

ಉತ್ತರ 3 (ಸಾಸ್ಕಾಟೂನ್)

ಇನ್ನಷ್ಟು ಗಿಡ ಎಬ್ಬಿಸುವ ವಿಷಯದಲ್ಲಿ ನನ್ನದೊಂದು ತಕರಾರಿದೆ. ಹೀಗೆ ಸಿಡಿದ ಬೀಜಗಳಿಂದಲೇ ಕ್ಯಾರಗಾನಾ ಅಕ್ಕಪಕ್ಕದ ಕಾಡಿಗೆ ನುಗ್ಗಿ, ಸ್ಥಳೀಯ ಪೊದೆಗಳನ್ನು ನೆರಳಿನಲ್ಲಿ ಅದುಮಿಬಿಡುತ್ತದೆ. ನಿಮ್ಮ ಮನೆ ನದಿಯ ಕಣಿವೆಯ ಅಂಚಿನಲ್ಲಿದ್ದರೆ ಹೊಸದಾಗಿ ಬಿತ್ತದೆ, ಇರುವ ಬೇಲಿಯ ಕಾಯಿಯನ್ನೇ ಎಳೆಯದಾಗಿರುವಾಗಲೇ ಕೊಯ್ದು ಬಳಸಿ. ಪಲ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು.